ಅಲುಗಾಡಿದ ಹನ್ನೆರಡು ಸೆಕೆಂಡು

ಹೋದ ವರ್ಷ ಮದುವೆ ಸೀಸನ್ ಮುಗಿದ ವಾರ. ಹಗರಿಬೊಮ್ಮನಹಳ್ಳಿಯ ನನ್ನ ವಿಡಿಯೊ ಸ್ಟುಡಿಯೊದ ಶಟರ್ ಎತ್ತುವುದಕ್ಕೂ ಬೇಸರವಾಗುವಷ್ಟು ಸುಸ್ತಾಗಿದ್ದೆ. ಆಗ ಕೊಟ್ಟೂರಿನ ನಿವೃತ್ತ ಯೋಧ ವೀರಭದ್ರಪ್ಪನವರು ಮೂರು ಹಳೆಯ ಫಿಲಂ ರೀಲು ಹಿಡಿದು ಬಂದರು. ಎಪ್ಪತ್ತೊಂದರ ಯುದ್ಧದ ಹೊತ್ತಿಗೆ ಅವರೇ ಸಣ್ಣ ಕ್ಯಾಮೆರಾದಲ್ಲಿ ತೆಗೆದದ್ದು. ಡಬ್ಬಿ ತೆರೆದರೆ ಹುಳಿ ವಾಸನೆ ಮೂಗಿಗೆ ಬಡಿಯಿತು.

"ಬಾಷಾ, ಇವು ಪೂರಾ ಹಾಳಾಗೋದ್ರೊಳಗ ಪೆನ್‌ಡ್ರೈವಿಗೆ ಹಾಕಿಕೊಡಪ್ಪ. ಇದರಾಗ ಯಾರ್ಯಾರು ಅದಾರ ಅಂತ ಹೇಳಾಕ ನಾನೊಬ್ಬನ ಉಳದೀನಿ" ಎಂದರು.

ಮೂಲೆಗೆ ಬಿದ್ದಿದ್ದ ಪ್ರೊಜೆಕ್ಟರೊಂದನ್ನು ರಿಪೇರಿ ಮಾಡಿಸಿ, ಬಿಳಿ ಗೋಡೆಯ ಮೇಲೆ ಬಿಟ್ಟು, ನನ್ನ ಕ್ಯಾಮೆರಾದಲ್ಲಿ ಹಿಡಿದುಕೊಂಡೆ. ಯುದ್ಧ ಅಂದರೆ ಗುಂಡು, ಟ್ಯಾಂಕು ಎಂದುಕೊಂಡಿದ್ದೆ. ಇದರಲ್ಲಿದ್ದದ್ದು ಗಡ್ಡ ಹೆರೆದುಕೊಳ್ಳುವವರು, ಈರುಳ್ಳಿ ಹೆಚ್ಚುವವರು, ಕೆಸರಲ್ಲಿ ಸಿಕ್ಕ ಲಾರಿ ನೂಕುವವರು. ಯಜಮಾನರು ಒಂದೊಂದು ಮುಖ ನೋಡಿ ಹೆಸರು ಹೇಳುವರು, ನಾನು ಅಡಿಯಲ್ಲಿ ಟೈಪ್ ಮಾಡುವೆ. ಹೆಸರು ನೆನಪಾಗದಿದ್ದರೆ ಹಣೆ ಚಚ್ಚಿಕೊಳ್ಳುವರು.

ಸುಸ್ತು, ಅಭ್ಯಾಸ ಎರಡೂ ಸೇರಿ ನಾನೊಂದು ಎಡವಟ್ಟು ಮಾಡಿದೆ. ಮದುವೆ ವಿಡಿಯೊದಲ್ಲಿ ಅಲುಗಾಡಿದ ಭಾಗ ಕಂಡರೆ ಕತ್ತರಿಸುವುದು ನಮ್ಮ ರೂಢಿ. ಇಲ್ಲೂ ಹಾಗೇ ಕತ್ತರಿಸಿ, ಹಾರ್ಡ್‌ಡಿಸ್ಕ್ ತುಂಬಿದೆಯೆಂದು ಮೂಲ ಫೈಲನ್ನೂ ಅಳಿಸಿಬಿಟ್ಟೆ.

ತೋರಿಸುವ ದಿನ ಯಜಮಾನರು ಹೊಳಲಿನಿಂದ ಗಂಗವ್ವ ಎಂಬ ಅಜ್ಜಿಯನ್ನು ಕರೆತಂದಿದ್ದರು. ಅಜ್ಜಿಯ ಅಣ್ಣ ಕೊಟ್ರೇಶಿ ಯಜಮಾನರ ಜೊತೆಗೇ ಸೈನ್ಯದಲ್ಲಿದ್ದವನು, ಆ ಯುದ್ಧದಿಂದ ಮರಳಿರಲಿಲ್ಲ. ಮನೆಯಲ್ಲಿ ಅವನದೊಂದು ಫೋಟೊ ಕೂಡ ಇಲ್ಲವಂತೆ. ಅಜ್ಜಿ ಕೊನೆವರೆಗೂ ಕಣ್ಣು ಕೀಳದೆ ನೋಡಿ, "ಇದರಾಗ ನಮ್ಮಣ್ಣ ಎಲ್ಲಿ ಅದಾನ್ರಿ?" ಎಂದು ಕೇಳಿದರು.

"ಅವನ ಮುಖ ಇಲ್ಲ ತಂಗೀ. ಒಮ್ಮಿ ಕ್ಯಾಮೆರಾ ಕಸಗೊಂಡು ನನ್ನ ಚಿತ್ರ ತಗದಿದ್ದ. ಅದನ್ನ ತೋರಸಾಕ ಕರಕೊಂಬಂದೆ" ಎಂದ ಯಜಮಾನರು ನನ್ನತ್ತ ತಿರುಗಿದರು. "ಅದೆಲ್ಲಿ ಹೋತು ಬಾಷಾ?"

"ಅಲುಗಾಡಿತ್ತಂತ ಕಟ್ ಮಾಡೀನ್ರಿ..." ಎಂದೆ.

"ಕ್ಯಾಮೆರಾ ಹಿಡಿಯಾಕ ಬರ್ತಿದ್ದಿಲ್ಲಲೇ ಅವನಿಗೆ!"

ಯಜಮಾನರು ಎದ್ದು ನಿಂತರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ರೀಲನ್ನು ಮತ್ತೆ ಓಡಿಸಲು ಹೋದರೆ ಹಪ್ಪಳದಂತೆ ಚಟಚಟ ಮುರಿಯಿತು. ಗಾಬರಿಯಾಗಿ ನಿಲ್ಲಿಸಿದೆ. ಆಮೇಲೆ ನಾಲ್ಕು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಮುರಿದ ಚೂರುಗಳನ್ನು ಅಡಿಯಿಂದ ಬೆಳಕು ಬಿಟ್ಟ ಗಾಜಿನ ಮೇಲಿಟ್ಟು, ಉಗುರಿನಷ್ಟೂ ಇಲ್ಲದ ಒಂದೊಂದು ಚಿತ್ರವನ್ನೂ ಬಿಡಿಬಿಡಿಯಾಗಿ ಫೋಟೊ ತೆಗೆದು ಜೋಡಿಸಿದೆ. ಕಣ್ಣು ಉರಿದು, ಬೆನ್ನು ಬಿದ್ದುಹೋಯಿತು. ಕೊನೆಗೆ ಸಿಕ್ಕಿದ್ದು ಹನ್ನೆರಡು ಸೆಕೆಂಡು.

ಅಜ್ಜಿ ಮತ್ತೆ ಬಸ್ಸು ಹತ್ತಿ ಬಂದರು. ಗೋಡೆಯ ಮೇಲೆ, ತಲೆಗೆ ಟವೆಲ್ ಸುತ್ತಿದ ಹರೆಯದ ವೀರಭದ್ರಪ್ಪನವರು ಕ್ಯಾಮೆರಾ ಕೊಡು ಎಂದು ಕೈಚಾಚುತ್ತಿದ್ದರು. ಚಿತ್ರ ಮೇಲೆ ಕೆಳಗೆ ಕುಣಿಯುತ್ತಿತ್ತು.

"ಅವ್ವಾ, ಬೇಕಂದ್ರ ಅಲುಗಾಡದಂಗ ಮಾಡಿಕೊಡ್ತೀನ್ರಿ" ಎಂದೆ.

"ಬ್ಯಾಡಪ್ಪ" ಎಂದರು ಅಜ್ಜಿ, ಗೋಡೆಯಿಂದ ಕಣ್ಣು ತೆಗೆಯದೆ. "ನಮ್ಮಣ್ಣ ನಕ್ಕನಂದ್ರ ಮೈಯೆಲ್ಲ ಕುಣಿಸ್ತಿದ್ದ. ನಕ್ಕೋಂತ ಹಿಡದಾನ ಇದನ್ನ."

ಇಷ್ಟು ವರ್ಷಗಳಲ್ಲಿ ನಾನು ಎಷ್ಟು ಜನರ ನಗುವನ್ನು ಹೀಗೆ ಕತ್ತರಿಸಿ ಎಸೆದಿದ್ದೇನೋ, ಗೊತ್ತಿಲ್ಲ.