ಕಪ್ಪು ಚಿಪ್ಪು ಬಂದ ವರ್ಷ

ಒಗ್ಗರಣೆಗೆ ಸಾಸಿವೆ ಸಿಡಿಯುವ ಸದ್ದು ಕೇಳಿದರೆ ಇಂದಿಗೂ ನನ್ನ ಮೈ ಜುಮ್ಮೆನ್ನುತ್ತದೆ. ಸೊಸೆ ನಗುತ್ತಾಳೆ, ನಗಲಿ. ಒಂದು ಕಾಲದಲ್ಲಿ ನಮ್ಮ ಹೊಳೆಯೇ ಹಾಗೆ ಸಿಡಿಯುತ್ತಿತ್ತು ಎಂದು ಅವಳಿಗೇನು ಗೊತ್ತು! ಬಂಟ್ವಾಳ ಪೇಟೆಯಿಂದ ಕೆಳಗೆ, ಬೇಸಿಗೆಯಲ್ಲಿ ಉಪ್ಪುನೀರು ಏರಿ ಬರುವ ನೇತ್ರಾವತಿಯ ತಿರುವಿನಲ್ಲಿ ನನ್ನ ಅಜ್ಜಿಯ ಮನೆಯಿತ್ತು. ಅಂಗಳದಿಂದ ಮುರಕಲ್ಲಿನ ಮೆಟ್ಟಿಲು ನೇರ ನೀರಿಗೆ ಇಳಿಯುತ್ತಿತ್ತು. ನೀರಿಳಿದಾಗ ಅಜ್ಜಿ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಕಾಲ್ಬೆರಳಿನಿಂದಲೇ ಮರಳು ಕೆದಕಿ ಮರುವಾಯಿ ಹೆಕ್ಕುತ್ತಿದ್ದರು. ನುಣುಪಾದ ಚಿಪ್ಪು, ಒಳಗೆ ಬೆಣ್ಣೆಯಂಥ ಮಾಂಸ. ತೆಂಗಿನಕಾಯಿ ಅರೆದು ಹಾಕಿದ ಅದರ ಗಸಿ ಕುದಿಯತೊಡಗಿದರೆ ಆಚೆ ದಡದವರಿಗೂ ಬಾಯಲ್ಲಿ ನೀರೂರುತ್ತಿತ್ತು. ತಿಂದುಳಿದ ಚಿಪ್ಪುಗಳು ಹಿತ್ತಿಲಲ್ಲಿ ರಾಶಿ ಬೀಳುತ್ತಿದ್ದವು; ಸುಣ್ಣ ಸುಡುವವರು ಬಂದು ಒಯ್ಯುತ್ತಿದ್ದರು.

ಐವತ್ತರ ದಶಕದ ಕೊನೆಯಿರಬೇಕು. ಅಜ್ಜಿಯ ಮಗ ಬಾಬು ಮಾವ ದೋಣಿಯಲ್ಲಿ ಹಂಚು ಸಾಗಿಸುತ್ತಿದ್ದರು. ಆ ವರ್ಷ ಕೆಲಸವಿಲ್ಲದೆ ದೋಣಿ ಮಂಗಳೂರಿನ ಬಂದರಿನಲ್ಲಿ, ದೂರದೇಶದ ಹಾಯಿಹಡಗುಗಳ ಪಕ್ಕ ತಿಂಗಳುಗಟ್ಟಲೆ ನಿಂತಿತ್ತು. ಮರಳಿ ತಂದು ದಡದಲ್ಲಿ ಮಗುಚಿದಾಗ ಅಡಿಯ ತುಂಬ ಉಗುರಿನಷ್ಟೇ ಇರುವ ಕಪ್ಪು ಚಿಪ್ಪುಗಳು, ಕೂದಲಿನಂಥ ನೂಲು ಬಿಟ್ಟು ಒಂದರ ಮೇಲೊಂದು ಕಚ್ಚಿಕೊಂಡಿದ್ದವು. ಬಿಸಿಲು ತಾಗಿದ್ದೇ ಎಲ್ಲವೂ ಚಿಟಚಿಟನೆ ಬಾಯಿ ಮುಚ್ಚತೊಡಗಿದವು.

"ಇದೆಂಥ ಪೀಡೆ! ಸುಟ್ಟು ಹಾಕುವ, ಅಮ್ಮ," ಎಂದರು ಮಾವ.

"ಛೆ, ಜೀವ ಇರುವುದನ್ನು ಸುಮ್ಮನೆ ಸುಡುವುದುಂಟಾ? ತಿನ್ನುವುದಿಲ್ಲವಾದರೆ ಹೊಳೆಗೆ ಬಿಡುವ."

ತಿನ್ನದ ಜೀವವನ್ನು ನೀರಿಗೇ ಮರಳಿಸುವುದು ಅಜ್ಜಿಯ ಕ್ರಮ. ಮಾವ ಕೆರೆದು ಹಾಕಿದ್ದನ್ನೆಲ್ಲ ಬುಟ್ಟಿಯಲ್ಲಿ ಹೊತ್ತು, ತಮ್ಮ ಮರುವಾಯಿಯ ಜಾಗದಲ್ಲೇ ಸುರಿದು ಬಂದರು.

ಮರುವರ್ಷ ಬೇಸಿಗೆ ರಜೆಗೆ ಹೋದಾಗ ನೀರಿನ ಕೆಳಗಿನ ಮೆಟ್ಟಿಲುಗಳು ಕಪ್ಪಾಗಿದ್ದವು. ದೋಣಿ ಕಟ್ಟುವ ಹಗ್ಗ ಅದೇ ಚಿಪ್ಪು ಕಚ್ಚಿ ತೋಳಿನಷ್ಟು ದಪ್ಪವಾಗಿತ್ತು. ಮೇಲಿನಿಂದ ನೋಡಿದರೆ ಅದೇ ಹೊಳೆ, ಅದೇ ಹಸಿರು ನೀರು. ನೀರು ಇಳಿಯಿತೆಂದರೆ ಮಾತ್ರ ದಡದುದ್ದಕ್ಕೂ ಚಿಟಚಿಟ, ಚಿಟಚಿಟ. ಹತ್ತಿರ ಹೋಗಿ ನಮ್ಮ ನೆರಳು ಬಿದ್ದರೆ ಸಾಕು, ಸದ್ದು ಗಪ್ಪನೆ ನಿಲ್ಲುತ್ತಿತ್ತು. ನಾನು ಹೆದರಿ ಅಜ್ಜಿಯ ಸೆರಗು ಹಿಡಿದುಕೊಳ್ಳುತ್ತಿದ್ದೆ.

ಆಗಲೇ ಗಂಡನ ಮನೆ ತೋಡಾರಿನಿಂದ ಸುಂದರಿ ಚಿಕ್ಕಮ್ಮ, ಅಜ್ಜಿಯ ಕಿರಿಮಗಳು, ತುಂಬು ಬಸುರಿಯಾಗಿ ತವರಿಗೆ ಬಂದದ್ದು. ಹಿಂದೆ ಎರಡು ಸಲ ಅವರಿಗೆ ಬಸಿರು ನಿಂತಿರಲಿಲ್ಲ. ಬಂದವರೇ, "ಅಮ್ಮ, ಪುಂಡಿ ಕಡುಬಿಗೆ ಮರುವಾಯಿ ಗಸಿ ಮಾಡ್ತೀರಾ? ಕನಸಿನಲ್ಲೂ ಅದೇ ಬರ್ತದೆ," ಎಂದರು. ಬಸುರಿಯ ಬಯಕೆ ತೀರದಿದ್ದರೆ ಮಗುವಿಗೆ ಆಗುವುದಿಲ್ಲವೆಂದು ಅಜ್ಜಿ ಗಟ್ಟಿಯಾಗಿ ನಂಬಿದವರು. ಬೆಳಿಗ್ಗೆಯೇ ಹೊಳೆಗಿಳಿದರು. ಮಧ್ಯಾಹ್ನ ಮೇಲೆ ಬಂದಾಗ ಕಾಲೆಲ್ಲ ಕೊಯ್ದು ರಕ್ತ ಸುರಿಯುತ್ತಿತ್ತು. ಬುಟ್ಟಿಯಲ್ಲಿದ್ದ ಒಂದೊಂದು ಮರುವಾಯಿಯನ್ನೂ ಕಪ್ಪು ಚಿಪ್ಪುಗಳು ಮುತ್ತಿದ್ದವು. ಬಿಡಿಸಿದರೆ ಒಳಗೆ ಬರೀ ಕೆಸರು. "ನಾನೇ ಅಲ್ವಾ ತಂದು ಹಾಕಿದ್ದು! ಈ ಕೈಯಿಂದಲೇ ಅಲ್ವಾ!" ಎಂದು ಮೆಟ್ಟಿಲ ಮೇಲೆ ಕುಸಿದು ಅತ್ತರು. ಕೆಳಗೆ ಹೊಳೆ ಸಿಡಿಯುತ್ತಲೇ ಇತ್ತು.

ಆಮೇಲೆ ಕಣ್ಣೊರೆಸಿಕೊಂಡು ಹಿತ್ತಿಲಿಗೆ ಹೋದರು. ಹಳೆಯ ರಾಶಿಯಿಂದ ಖಾಲಿ ಚಿಪ್ಪುಗಳನ್ನು ಆರಿಸಿ, ತಿಕ್ಕಿ ತೊಳೆದು, ಅರೆದ ಮಸಾಲೆಯಲ್ಲಿ ಕುದಿಸಿದರು. ಬಡಿಸುವಾಗ ಮಗಳ ಮುಖ ನೋಡಲಿಲ್ಲ. ಚಿಕ್ಕಮ್ಮ ಮೊದಲ ಚಿಪ್ಪು ಎತ್ತಿದರು, ಒಳಗೆ ನೋಡಿದರು. ಮತ್ತೆ ಅದನ್ನು ಬಾಯಿಗಿಟ್ಟು ಚೀಪಿದರು. ಒಂದನ್ನೂ ಬಿಡದೆ ಎಲ್ಲವನ್ನೂ ಹಾಗೆಯೇ ಚೀಪಿ, "ಭಾರೀ ರುಚಿ ಉಂಟಮ್ಮ. ಇನ್ನು ಸ್ವಲ್ಪ ಹಾಕಿ," ಎಂದರು.

ಮಗು ಹುಟ್ಟಿತು, ಗುಂಡುಗುಂಡಾಗಿಯೇ ಇತ್ತು. ಆದರೆ ಅಜ್ಜಿ ಮತ್ತೆಂದೂ ಹೊಳೆಗೆ ಕಾಲಿಡಲಿಲ್ಲ. ಅವರು ತೀರಿಹೋದ ಮೇಲೆ ಒಂದು ಮಳೆಗಾಲ ಹೊಳೆ ಆ ದಡವನ್ನೇ ಮನೆಸಮೇತ ನುಂಗಿತು. ಈಗ ನೀರು ಇಳಿದಾಗ ಅಡುಗೆಮನೆಯ ಹೊಸಿಲು ಮೇಲೇಳುತ್ತದೆ, ಕಪ್ಪಗೆ, ಚಿಟಚಿಟ ಎನ್ನುತ್ತ. ಒಮ್ಮೆ ಹತ್ತಿರ ಹೋಗಿದ್ದೆ. ನೆರಳು ಬಿದ್ದದ್ದೇ ಒಳಗೆ ಯಾರೋ ಮಾತು ನಿಲ್ಲಿಸಿದ ಹಾಗಾಯಿತು.

ಚಿಕ್ಕಮ್ಮ ಕೊನೆಗೆ ಹಾಸಿಗೆ ಹಿಡಿದಾಗ ಏನು ತಿನ್ನುತ್ತೀರಿ ಎಂದು ಕೇಳಿದೆ. "ಮರುವಾಯಿ ಗಸಿ," ಎಂದರು. ಪೇಟೆಯಿಂದ ತರಿಸುತ್ತೇನೆಂದೆ. ಅವರು ಬೇಡವೆಂದು ತಲೆಯಲ್ಲಾಡಿಸಿದರು: "ಅದಲ್ಲ ಮಗಾ. ಅಮ್ಮ ಮಾಡಿದ್ದು, ಖಾಲಿ ಚಿಪ್ಪಿನದ್ದು."