ಬರಿಗೈಯ ಉತ್ತರ

ಆಫೀಸಿನಲ್ಲಿ ಅವಳಿಗೆ 'ಅನುಮಾನದಕ್ಕ' ಎಂದೇ ಹೆಸರು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಗೆ ಸಿ ಎಂಬ ಇನ್ನೊಂದು ಭಾಷೆಯಲ್ಲಿ ಎಕ್ಸ್‌ಟೆನ್ಶನ್ ಬರೆಯುವುದು ಅವಳ ಕೆಲಸ. ಅಲ್ಲಿ ಎಕ್ಸೆಪ್ಶನ್, ಅಂದರೆ ಏನಾದರೂ ಎಡವಟ್ಟು, ಬಂದರೆ ಯಾರೂ ಕೂಗಿ ಹೇಳುವುದಿಲ್ಲ. ಕೆಲಸಕ್ಕೆ ಕರೆದ ಫಂಕ್ಷನ್ ಉತ್ತರ ತರದೆ ಬರಿಗೈಯಲ್ಲಿ ಮರಳುತ್ತದೆ, ಅಷ್ಟೆ. ಆಗಲೇ ವಿಚಾರಿಸದಿದ್ದರೆ ಪ್ರೋಗ್ರಾಂ ಮುಂದೆಲ್ಲೋ ಹೋಗಿ ಕುಸಿಯುತ್ತದೆ. ಮನೆಯಲ್ಲೂ ಅವಳಿಗೆ ಅದೇ ಭಯ. ಗ್ಯಾಸ್ ಆರಿಸಿದ ಮೇಲೂ ಮೂಸುತ್ತಾಳೆ, ಮಲಗಿದ ಗಂಡನ ಮೂಗಿಗೆ ಬೆರಳು ಹಿಡಿಯುತ್ತಾಳೆ. "ಬದುಕಿದ್ದೀನಿ ಕಣೇ, ಕಾಫಿ ತಾ" ಎನ್ನುತ್ತಾನೆ ಅವನು. ಮಗಳು "ಏನಿಲ್ಲಮ್ಮ" ಎಂದರಂತೂ ಹಣೆ ಮುಟ್ಟಿ, ನಾಲಿಗೆ ನೋಡಿ, ಬಾಯಿ ಬಿಡಿಸದೆ ಬಿಡುವುದಿಲ್ಲ. ಇವಳ ಹೆತ್ತ ತಾಯಿ "ಏನಿಲ್ಲ, ಏನಿಲ್ಲ" ಎನ್ನುತ್ತಲೇ ಪಾತ್ರೆ ತೊಳೆಯುವ ಜಾಗದಲ್ಲಿ ಕುಸಿದು ತೀರಿಹೋದವಳು. ಇವತ್ತು ಒದ್ದೆ ಬಟ್ಟೆಯ ಬಕೆಟ್ ಎತ್ತುವಾಗ ಇವಳ ಎದೆಯಲ್ಲಿ ಚಳುಕು ಹೊಡೆಯಿತು. "ಏನಾಯ್ತಮ್ಮ?" ಎಂದಳು ಮಗಳು. "ಏನಿಲ್ಲ ಪುಟ್ಟಿ" ಎಂಬ ಮಾತು ಬಾಯಿಂದ ತಾನಾಗಿ ಬಂತು. ಮಗಳು ನಂಬಿ ಒಳಗೆ ಹೋದಳು.