ಮಾಳಿಗೆ ಮಣ್ಣಿನೊಳಗಿನ ದನಿ

1996ರ ಜೂನ್ 3, ಸೋಮವಾರ, ಸಂಜೆ ಆರು ಗಂಟೆ ಹತ್ತು ನಿಮಿಷ. ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿದೆ: "ಮಳೆ. ಮಾಳಿಗೆಯಿಂದ ದನಿ. ಹನ್ನೊಂದು ಸಲ."

ಆಗ ಹೊಸಹಳ್ಳಿ ಸುತ್ತಿನ ನಮ್ಮ ಊರುಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳೇ ಹೆಚ್ಚು. ಮುಂಗಾರಿಗೆ ಮೊದಲು ಕೆರೆಯಂಚಿನ ಮಣ್ಣು ತಂದು, ಸೋರದಂತೆ ಮೇಲೆ ಹರಡಿ ತುಳಿಯುತ್ತಿದ್ದರು. ಆ ವರ್ಷ ಅಪ್ಪ ಮಣ್ಣು ಏರಿಸಿದ್ದರು, ಹರಡಿರಲಿಲ್ಲ. ಹೆಂಟೆಗಳ ಗುಡ್ಡೆ ನಡುಕೋಣೆಯ ಬೆಳಕಿಂಡಿಯ ಪಕ್ಕದಲ್ಲೇ ಇತ್ತು. ಆ ಕೋಣೆಯಲ್ಲಿ ಅಪ್ಪನ ತಂಗಿ ಗಂಗತ್ತೆ ಇದ್ದಳು. ಎಂಟು ತಿಂಗಳ ಬಸುರಿ, ಹೆರಿಗೆಗೆ ಬಂದಿದ್ದಳು. ಹಿಂದಿನ ವರ್ಷ ಅದೇ ಕೋಣೆಯಲ್ಲಿ ಹುಟ್ಟಿದ ಅವಳ ಮೊದಲ ಕೂಸು ಮೂರನೆಯ ದಿನ ತೀರಿಕೊಂಡಿತ್ತು.

ನನಗೆ ಹತ್ತು ವರ್ಷ. ಕುಂಟಾಬಿಲ್ಲೆ ಬಿಟ್ಟು ಓಡಿ ಬಂದಾಗ ಮನೆತುಂಬ ನೆನೆದ ಮಣ್ಣಿನ ವಾಸನೆ. ಅತ್ತೆಯ ಮುಂದಿದ್ದ ಒಗ್ಗರಣೆ ಮಂಡಕ್ಕಿ ಹಾಗೇ ಇತ್ತು. ಬೆಳಕಿಂಡಿಯಿಂದ ಗಂಟಲು ಕಟ್ಟಿದ ಎಳೆಯ ದನಿ ಇಳಿಯುತ್ತಿತ್ತು: ಅಂವ್... ಅಂವ್...

"ಅಳಾಕ ಹತ್ತೈತಿ," ಅಂದಳು ಅತ್ತೆ. "ಹಸದೈತಿ."

ಅಜ್ಜಿ ಅಪ್ಪನನ್ನು ಹಿತ್ತಲಿಗೆ ಕರೆದಳು. "ಎಲ್ಲಿ ಅಗದೀಯಲೇ ಮಣ್ಣು?"

"ಕೆರಿ ಅಂಚಿಗೆ, ಯವ್ವಾ."

"ಕೂಸಿನ್ನ ಮಣ್ಣು ಮಾಡಿದ್ದೂ ಅಲ್ಲೇ ಅಲ್ಲೇನೋ? ಕಣ್ಣು ಎಲ್ಲಿಟ್ಟಿದ್ದಿ?"

"ಇಪ್ಪತ್ತು ಮಾರು ದೂರ ಐತವ್ವಾ," ಎಂದರು ಅಪ್ಪ. ಅವರ ದನಿಯೇ ಗಟ್ಟಿಯಿರಲಿಲ್ಲ.

ಮರುದಿನ ಗುಡ್ಡೆ ಎಸೆಯಲು ಅಪ್ಪ ಏಣಿ ಹಾಕಿದರೆ ಅತ್ತೆ ಏಣಿ ತಬ್ಬಿ ನಿಂತಳು. "ಅಣ್ಣಾ, ಒಂದು ಹೆಂಟಿ ಮುಟ್ಟಿದ್ರೂ ನನ್ನ ಹೆಣ ನೋಡ್ತಿ."

ಆಮೇಲೆ ಅವಳು ಬೆಳಕಿಂಡಿಯ ಕೆಳಗೇ ಕೂತಳು. ಊಟ ಬಿಟ್ಟಳು. "ಹೊಟ್ಟ್ಯಾಗಿಂದು ಏನು ತಿನ್ನಬೇಕವ್ವ?" ಎಂದು ಅಜ್ಜಿ ಬೇಡಿಕೊಂಡರೂ ಎರಡು ತುತ್ತಿನ ಮೇಲೆ ಇಳಿಯಲಿಲ್ಲ.

ನಾನು ಬರೆಯುತ್ತಾ ಹೋದೆ. ಜೂನ್ ನಾಲ್ಕು, ಐದು: ಮಳೆ ಇಲ್ಲ, ದನಿ ಇಲ್ಲ. ಆರು: ಮಳೆ, ಇಪ್ಪತ್ತಮೂರು ಸಲ. "ಬಂದ್ಲು ನೋಡು ಲೆಕ್ಕ ಬರಿಯಾಕ, ಶ್ಯಾನುಭೋಗರ ಮಗಳು!" ಎಂದು ಅಜ್ಜಿ ರೇಗಿದಳು. ಏಳು: ಇಲ್ಲ, ಇಲ್ಲ.

ಎಂಟರ ಸಂಜೆ ಮಳೆ ಹನಿಯುತ್ತಿದ್ದಾಗಲೇ ಏಣಿ ಹತ್ತಿದೆ. ಗುಡ್ಡೆಯಲ್ಲಿ ಒಂದು ಹೆಂಟೆ ಉಸಿರಾಡುತ್ತಿತ್ತು. ಮಣ್ಣು ಬಿರಿದು ಎರಡು ಕಣ್ಣು ಹೊರಬಂದವು, ಆಮೇಲೆ ಮೈ: ನಿಂಬೆಹಣ್ಣಿನಷ್ಟು ದಪ್ಪ, ಮಣ್ಣಿನದೇ ಬಣ್ಣ. ಗಂಟಲು ಉಬ್ಬಿಸಿ ಕೂಗಿತು. ಕೈ ಚಾಚಿದರೆ ಹಿಂಗಾಲಿನಿಂದ ತೋಡುತ್ತ, ನನ್ನನ್ನೇ ನೋಡುತ್ತ ಹಿಂದುಹಿಂದಕ್ಕೆ ಮಣ್ಣಿಗಿಳಿಯಿತು. ಕಣ್ಣು ಕೊನೆಗೆ ಮುಳುಗಿದವು.

ಬಗೆದು ತೆಗೆದು ಬಟ್ಟಲಲ್ಲಿ ಅತ್ತೆಗೆ ಒಯ್ದೆ. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡಳು.

"ಕಪ್ಪಿ," ಅಂದೆ ನಾನು.

"ಗೊತ್ತಾತು ಬಿಡು. ತಣ್ಣಗೈತಿ. ಅದೂ ಹಿಂಗ ತಣ್ಣಗಿತ್ತು," ಎಂದಳು.

ಮರುದಿನ ಅವಳೇ ಗುಡ್ಡೆ ಒಡೆಸಿದಳು. ಒಟ್ಟು ಏಳು ಕಪ್ಪೆ ಬುಟ್ಟಿಗೆ ಬಂದವು. ಅಜ್ಜಿ ಬೇಡವೆಂದರೂ ಕೇಳದೆ, ನನ್ನ ಹೆಗಲ ಮೇಲೆ ಕೈಯಿಟ್ಟು ಕೆರೆಯಂಚಿಗೆ ನಡೆದಳು. ಆರು ಕಪ್ಪೆಗಳು ಮಳೆನೀರಿನ ಗುಂಡಿಗೆ ಹಾರಿದವು. ಏಳನೆಯದು ಅವಳ ಕಾಲ ಬಳಿಯೇ ಹಿಂದಕ್ಕೆ ತೋಡಿಕೊಂಡು ಮಣ್ಣೊಳಗೆ ಹೋಯಿತು. ಅತ್ತೆ ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತು, ಅದರ ಮೇಲೆ ಮೂರು ಹಿಡಿ ಮಣ್ಣು ಹಾಕಿದಳು.

"ಬಾಣಂತಿ ಬರಬಾರದು ಅಂತ ಅವತ್ತು ನನ್ನ ಕೈಲೆ ಹಾಕಿಸಲಿಲ್ಲ," ಅಂದಳು.

ಮನೆಗೆ ಬಂದು ಎರಡು ರೊಟ್ಟಿ ತಿಂದಳು. ಅದನ್ನೂ ಬರೆದಿಟ್ಟಿದ್ದೇನೆ. ಜುಲೈನಲ್ಲಿ ಹೆಣ್ಣು ಮಗು ಹುಟ್ಟಿತು, ಬದುಕಿತು.

ಈಗ ಆ ಮನೆಗೆ ಕಾಂಕ್ರೀಟ್ ಸೂರು. ಮಾಳಿಗೆಗೆ ಮಣ್ಣು ಹೊರುವವರಿಲ್ಲ, ಬೆಳಕಿಂಡಿಯೂ ಇಲ್ಲ. ಕೆರೆಯಂಚನ್ನು ಇಟ್ಟಿಗೆಗಾಗಿ ಅಗೆದು ಒಯ್ದಿದ್ದಾರೆ. ಹೋದ ಮುಂಗಾರಿನ ಮೊದಲ ಮಳೆಗೆ ಅಲ್ಲಿ ನಲವತ್ತು ನಿಮಿಷ ನಿಂತೆ. ಲೆಕ್ಕ: ಸೊನ್ನೆ.

ಈ ಕಪ್ಪೆ ಮಳೆಯಿಲ್ಲದೆ ಮಣ್ಣಿನಡಿ ಎಷ್ಟು ಕಾಲ ಜೀವ ಹಿಡಿದಿರುತ್ತದೆ? ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಗಂಗತ್ತೆ ಇನ್ನೂ ಕೇಳುತ್ತಾಳೆ.